ಮೂರನೆಯ ಸಾಲಿನ ಸ್ವರ

ಜನವರಿ 5, 1963. ಶನಿವಾರ

ಬೆಳಿಗ್ಗೆ ಚಾಪೆಲ್ ಗುಡಿಸಿದೆ. ಹಿತ್ತಾಳೆಯ ದೀಪದ ಕಂಬ ಎರಡು ಸಲ ಉಜ್ಜಿದ್ದಾಯಿತು. ಮೊದಲನೆಯ ಸಲ ಉಜ್ಜಿದ್ದು ಮಗ ವಿಲ್ಫ್, ಅದು ಲೆಕ್ಕಕ್ಕಿಲ್ಲ. ಬಾಯ್ಲರ್‌ಗೆ ಕಲ್ಲಿದ್ದಲು ತುಂಬಿಸಿದೆ. ಆದರೂ ಒಳಗೆ ಬಾಯಿ ತೆರೆದರೆ ಹೊಗೆಯಂತೆ ಉಸಿರು. ಕ್ರಿಸ್‌ಮಸ್ ಮರುದಿನ ಬಿದ್ದ ಹಿಮ ಹಾಗೇ ಕೂತಿದೆ. ಕರಗುವ ಲಕ್ಷಣವಿಲ್ಲ.

ನಾಳೆ ಒಡಂಬಡಿಕೆಯ ಭಾನುವಾರ. ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗಿರಿಸಿದರೂ ಸರಿ ಎಂದು ದೇವರಿಗೆ ವರ್ಷಕ್ಕೊಮ್ಮೆ ಮಾತು ಕೊಡುವ ದಿನ. ಹದಿನಾರನೆಯ ವಯಸ್ಸಿನಿಂದ ಕೊಡುತ್ತ ಬಂದಿದ್ದೇನೆ. ಬದಿಗಿರಿಸುವ ಮಾತನ್ನು ದೇವರು ಇದುವರೆಗೆ ಕಿವಿಗೆ ಹಾಕಿಕೊಂಡಿಲ್ಲ.

ಸಂಜೆ ಸೊಸೆ ಎನಿಡ್ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತ ನಮ್ಮಜ್ಜನ ರಾಗ ಗುನುಗುತ್ತಿದ್ದಳು. ಮೂರನೆಯ ಸಾಲಿನ ಕೊನೆಗೆ ಎಂದಿನಂತೆ ಮೇಲಕ್ಕೆ ಹೋದಳು. ಅಲ್ಲಿ ಸ್ವರ ಇದ್ದಲ್ಲೇ ನಿಲ್ಲಬೇಕು.

"ಅಲ್ಲಿ ಏರಬಾರ್ದು ಅಂತ ಎಷ್ಟು ಸಲ ಹೇಳೋದು?"

"ಮರೆತೆ ಅತ್ತೆ."

"ಹದಿನಾಲ್ಕು ವರ್ಷದಿಂದ ಮರೀತಾ ಇದೀಯ."

"ಹೌದತ್ತೆ."

ಒಳ್ಳೆಯ ಹುಡುಗಿ. ಕೆಲಸ ಅಚ್ಚುಕಟ್ಟು. ಆದರೆ ಹುಟ್ಟಿದ್ದು ಊರಿನ ಇನ್ನೊಂದು ಸಭೆಯಲ್ಲಿ, ಗುಡ್ಡದ ಮೇಲಿನ ಚಾಪೆಲಿನಲ್ಲಿ. ವೆಸ್ಲಿಯನ್ನರ ಮನೆ. ಮದುವೆಯಾದ ಮೊದಲ ವಾರವೇ ಹೇಳಿದ್ದೆ, ಈ ಮನೆಯ ಹೆಣ್ಣುಮಕ್ಕಳು ಕೆಳಗಿನ ಚಾಪೆಲಿಗೇ ಹೋಗುವುದು ಎಂದು. ಬಂದಳು. ಒಂದು ಭಾನುವಾರವೂ ತಪ್ಪಿಸಿಲ್ಲ. ಗಂಟಲು ಮಾತ್ರ ಇನ್ನೂ ಗುಡ್ಡದ ಮೇಲೆಯೇ ಇದೆ.

ಜನವರಿ 6. ಭಾನುವಾರ

ಹನ್ನೆರಡು ಜನ. ಎಲ್ಲರೂ ಬಂದಿದ್ದರು ಎಂದೇ ಹೇಳಬೇಕು, ಮೂರು ಮಕ್ಕಳನ್ನು ಬಿಟ್ಟರೆ ಇರುವುದೇ ಹನ್ನೆರಡು.

ಕೊನೆಯ ಗೀತೆಗೆ ಎದ್ದುನಿಂತು ರಾಗ ಎತ್ತಿಕೊಟ್ಟೆ. ಆ ಗೀತೆಯ ಮಾತು ಎಲ್ಲ ಮೆಥೊಡಿಸ್ಟರಿಗೂ ಗೊತ್ತು, ಪುಸ್ತಕದಲ್ಲಿದೆ. ರಾಗ ಮಾತ್ರ ನಮ್ಮದು. ಅಜ್ಜ ಐಸಾಕ್ ಪಿಯರ್ಟ್ ಸೀಸದ ಗಣಿಯೊಳಗೆ ಕಲ್ಲು ಒಡೆಯುತ್ತ ಕಟ್ಟಿದ್ದು. ಅಚ್ಚಾದ ಯಾವ ಪುಸ್ತಕದಲ್ಲೂ ಇಲ್ಲ. ಅವನ ಕೈಬರಹದ ಪುಸ್ತಕ ಚಾಪೆಲಿನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಬೀಗದ ಕೈ ನನ್ನ ಸೊಂಟದಲ್ಲಿ.

1932ರಲ್ಲಿ ಲಂಡನ್ನಿನಲ್ಲಿ ಯಾರೋ ಸಹಿ ಹಾಕಿ, ನಮ್ಮ ಪ್ರಿಮಿಟಿವ್ ಮೆಥೊಡಿಸ್ಟರೂ ಮೇಲಿನವರ ವೆಸ್ಲಿಯನ್ ಮೆಥೊಡಿಸ್ಟರೂ ಇನ್ನು ಒಂದೇ ಸಭೆ ಎಂದರು. ಆ ಕಾಗದ ನಮ್ಮ ವಿನ್‌ಗಿಲ್ ಊರಿಗೂ ಬಂದಿರಬೇಕು. ಗುಡ್ಡ ಹತ್ತಿದವರೂ ಇಲ್ಲ, ಇಳಿದವರೂ ಇಲ್ಲ. ಆ ವರ್ಷ ಮೇಲಿನ ಚಾಪೆಲಿನ ಆರ್ಗನ್ ನುಡಿಸುವ ಕತ್‌ಬರ್ಟ್ ರೇನ್ ಬಂದು, ಅಜ್ಜನ ಪುಸ್ತಕ ಒಂದು ಸಲ ನೋಡಬಹುದೇ ಎಂದು ಕೇಳಿದ್ದ. "ಕೆಳಗಿನ ರಾಗ ಗುಡ್ಡ ಹತ್ತೋದಿಲ್ಲ" ಅಂದಿದ್ದೆ. ಟೋಪಿ ಹಾಕಿಕೊಂಡು ಹೋದ. ಆಮೇಲೆ ಅವನ ಮಗಳು ಎನಿಡ್ ನನ್ನ ಸೊಸೆಯಾಗಿ ಬಂದಳು, ಬೀಗರಾದೆವು, ಕ್ರಿಸ್‌ಮಸ್‌ಗೆ ಒಂದೇ ಮೇಜಿನಲ್ಲಿ ಉಂಡೆವು. ಪುಸ್ತಕದ ಮಾತು ಅವನು ಮತ್ತೆ ಎತ್ತಲಿಲ್ಲ.

ಜನವರಿ 14. ಸೋಮವಾರ

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದೆ. ಒಳಗೆ ಬೆಳಕು ಹೆಚ್ಚಾಗಿದೆ ಅನ್ನಿಸಿತು. ತಲೆಯೆತ್ತಿದೆ… ಆಕಾಶ.

ಹಿಮದ ಭಾರಕ್ಕೆ ಚಾವಣಿ ಕುಸಿದಿದೆ. ನಾಲ್ಕನೆಯ ಬೆಂಚಿನಿಂದ ಒಂಬತ್ತನೆಯ ಬೆಂಚಿನವರೆಗೆ ಗಾರೆ, ಹಲಗೆ, ಅದರ ಮೇಲೆ ಹಿಮ. ನನ್ನ ಜಾಗ ಐದನೆಯ ಬೆಂಚು. ಎರಡು ಗಂಟೆ ತಡವಾಗಿ ಕುಸಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ವಿಲ್ಫ್ ಏಣಿ ಹಾಕಿ ನೋಡಿ ಬಂದ. "ತೊಲೆ ಮುಟ್ಟಿದ್ರೆ ಬಿಸ್ಕತ್ ಥರ ಪುಡಿ ಆಗ್ತದಮ್ಮ. ಇದು ಈ ವರ್ಷದ್ದಲ್ಲ. ಇಪ್ಪತ್ತು ವರ್ಷದಿಂದ ಕೊಳೀತಾ ಇದೆ."

"ಇಪ್ಪತ್ತು ವರ್ಷದಿಂದ ನೀನೇ ತಾನೆ ಕಟ್ಟಡದ ಉಸ್ತುವಾರಿ?"

ವಿಲ್ಫ್ ಏಣಿ ಎತ್ತಿ ಹೆಗಲಿಗೆ ಹಾಕಿಕೊಂಡ. ಗೇಟಿನ ಹತ್ತಿರ ರೇನ್ ನಿಂತಿದ್ದ, ಟೋಪಿ ಕೈಯಲ್ಲಿ ಹಿಡಿದು.

"ಡೋರ್ಕಸ್, ನಮ್ಮಲ್ಲಿ ಬೆಂಚುಗಳು ಖಾಲಿ ಇದಾವೆ. ಬಾಯ್ಲರೂ ಚೆನ್ನಾಗಿದೆ."

"ಹಿಮ ಕರಗೋ ತನಕ" ಅಂದೆ.

"ಹಿಮ ಕರಗೋ ತನಕ" ಅಂದ.

ಜನವರಿ 20. ಭಾನುವಾರ

ಗುಡ್ಡ ಹತ್ತಿದೆವು. ಹನ್ನೆರಡೂ ಜನ, ಸಾಲಾಗಿ, ಕಪ್ಪು ಕೋಟಿನಲ್ಲಿ. ಯಾರೋ ಸತ್ತ ಮನೆಗೆ ಹೊರಟಂತೆ.

ಕೊನೆಯ ಬೆಂಚಿನಲ್ಲಿ ಕೂತೆ. ಕೋಟು ಬಿಚ್ಚಲಿಲ್ಲ, ಕೈಗವಸು ತೆಗೆಯಲಿಲ್ಲ. ಬಂದವರು ಬಂದವರ ಹಾಗಿರಬೇಕು. ಅವರ ಬಾಯ್ಲರ್ ನಿಜಕ್ಕೂ ಚೆನ್ನಾಗಿದೆ. ಪ್ರಸಂಗ ಮುಗಿಯುವಷ್ಟರಲ್ಲಿ ಬೆನ್ನೆಲ್ಲ ಬೆವರು.

ನಡುವೆ ಕೆಂಪು ಜಮಖಾನ. ಹಿಂದೆ ಅಡುಗೆಮನೆ, ನಲ್ಲಿ ತಿರುಗಿಸಿದರೆ ಬಿಸಿನೀರು. ಪಕ್ಕದ ಕೋಣೆಯಿಂದ ಸಂಡೇ ಸ್ಕೂಲಿನ ಮಕ್ಕಳ ಗದ್ದಲ. ಇಪ್ಪತ್ತೆರಡು ಮಕ್ಕಳಂತೆ. ನಮ್ಮ ಮೂರು ಮಕ್ಕಳೂ ಅಲ್ಲೇ ಹೋಗಿ ಸೇರಿಕೊಂಡವು, ತಿರುಗಿಯೂ ನೋಡಲಿಲ್ಲ.

ಎನಿಡ್ ನಮ್ಮ ಜೊತೆಯೇ ಕೂತಳು. ಎಡಗಡೆಯ ಮೂರನೆಯ ಬೆಂಚು ಅವಳ ತಾಯಿ ಕೂರುತ್ತಿದ್ದದ್ದು. ಅತ್ತ ಒಂದೇ ಸಲ ನೋಡಿದಳು. ಹೋಗಿ ಕೂತುಕೋ ಎನ್ನಬಹುದಿತ್ತು. ಅನ್ನಲಿಲ್ಲ.

ಫೆಬ್ರವರಿ 3. ಭಾನುವಾರ

ಕರ್ತನ ಭೋಜನ. ಮೇಲಿನವರು ಎದ್ದು ಮುಂದೆ ಹೋಗಿ ಕಟಾಂಜನದ ಬಳಿ ಮಂಡಿಯೂರುತ್ತಾರೆ. ನಾವು ಕೂತಲ್ಲೇ ಕೂರುವವರು. ರೊಟ್ಟಿಯೂ ದ್ರಾಕ್ಷಿರಸವೂ ನಾವಿದ್ದಲ್ಲಿಗೆ ಬರುತ್ತವೆ. ನಮ್ಮ ಹಿರಿಯರು ಗಣಿಯಲ್ಲಿ ವಾರವಿಡೀ ಮಂಡಿಯೂರಿ ಸವೆದವರು, ಭಾನುವಾರವಾದರೂ ಕೂರಲಿ ಎಂದು ಆಗಿರಬೇಕು.

ನಮ್ಮವರಲ್ಲಿ ಎಂಟು ಜನ ಎದ್ದು ಹೋದರು. ವಿಲ್ಫ್ ಕೂಡ. ಎನಿಡ್ ನನ್ನ ಮುಖ ನೋಡಿದಳು. "ಹೋಗು" ಅಂದೆ. ನಾನು ಏಳಲಿಲ್ಲ.

ಸಭಾಪಾಲಕರು ಮಿಸ್ಟರ್ ಪ್ಯೂ. ವೇಲ್ಸ್‌ನ ಹುಡುಗ, ಮೂವತ್ತು ತುಂಬಿರಲಾರದು. ತಟ್ಟೆ ಹಿಡಿದು ಜಮಖಾನದ ಉದ್ದಕ್ಕೂ ನಡೆದು ಕೊನೆಯ ಬೆಂಚಿಗೆ ಬಂದರು. ಆ ಪುಟ್ಟ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು. ಯಾರೂ ತಿರುಗಿ ನೋಡಲಿಲ್ಲ. ನಲವತ್ತು ಜನ ತಿರುಗದೆ ಕೂತಿರುವುದೂ ಕಿವಿಗೆ ಕೇಳಿಸುತ್ತದೆ. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಹೊರಬರುವಾಗ ಮೇಲಿನವರ ಹೆಂಗಸೊಬ್ಬಳು ಕೈ ಹಿಡಿದು ಕೇಳಿದಳು, "ಮಂಡಿ ನೋವಾ, ಮಿಸೆಸ್ ನ್ಯಾಟ್ರಸ್?"

"ಮಂಡಿ ಚೆನ್ನಾಗಿದೆ. ನಾನು ಪ್ರಿಮಿಟಿವ್."

ಫೆಬ್ರವರಿ 12. ಮಂಗಳವಾರ

ಮಿಸ್ಟರ್ ಪ್ಯೂ ಮನೆಗೆ ಬಂದಿದ್ದರು, ಹಿಮದಲ್ಲಿ ಮೂರು ಮೈಲಿ ನಡೆದು. ಬೂಟು ಒಲೆಯ ಮುಂದೆ ಇಡಿಸಿದೆ. ಶುಂಠಿ ಕೇಕು ಕೊಟ್ಟೆ.

ವಿಷಯ ಇಷ್ಟು. ಕೆಳಗಿನ ಚಾಪೆಲಿಗೆ ಟ್ರಸ್ಟಿಗಳು ಐವರು. ದುರಸ್ತಿ ಮಾಡೋಣ ಎನ್ನುವವರು ಇಬ್ಬರು. ಮುಚ್ಚಿ ಮೇಲಿನವರ ಜೊತೆ ಸೇರೋಣ ಎನ್ನುವವರು ಇಬ್ಬರು, ಅದರಲ್ಲೊಬ್ಬ ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಐದನೆಯವಳು ನಾನು. ಮಾರ್ಚ್ ಒಂಬತ್ತಕ್ಕೆ ಸಭೆ.

"ಚಾವಣಿ ಹಾಕಿಸಬಹುದು ಮಿಸೆಸ್ ನ್ಯಾಟ್ರಸ್. ಆದ್ರೆ ಹನ್ನೆರಡು ಜನಕ್ಕೆ…"

"ಕ್ರಿಸ್ತನ ಹತ್ರ ಇದ್ದಿದ್ದೂ ಹನ್ನೆರಡೇ ಜನ."

ಕೇಕು ನೋಡಿಕೊಂಡು ಹೇಳಿದರು, "ನಿಜ. ಆದ್ರೆ ಅವರು ಕೂತಲ್ಲೇ ಕೂತಿರ್ಲಿಲ್ಲ."

ಇನ್ನೊಂದು ತುಂಡು ಕೊಟ್ಟೆ. ಉತ್ತರ ಕೊಡಬಲ್ಲವರು ಹೊಟ್ಟೆ ತುಂಬ ತಿನ್ನಲಿ.

ನನ್ನ ವೋಟು ದುರಸ್ತಿಗೇ. ಹೊಳೆಯಿಂದ ಕಲ್ಲು ಹೊತ್ತು ಕಟ್ಟಿದ್ದು ಅಜ್ಜನ ಕಾಲದವರು, ಪಾಳಿ ಮುಗಿಸಿ ಬಂದು. ಅದಕ್ಕಿಂತ ದೊಡ್ಡ ಮಾತು ರಾಗದ್ದು. ಇಡೀ ಭೂಮಿಯ ಮೇಲೆ ಅದು ಉಳಿದಿರುವುದು ಆ ನಾಲ್ಕು ಗೋಡೆಗಳ ನಡುವೆ ಮಾತ್ರ. ಗೋಡೆ ಹೋದರೆ ಅದೂ ಹೋಯಿತು. ಮೇಲಿನವರು ಪುಸ್ತಕದ ರಾಗ ಹಾಡುತ್ತಾರೆ. ಹಾಡಿಕೊಳ್ಳಲಿ.

ಫೆಬ್ರವರಿ 20. ಬುಧವಾರ

ಟಾಮ್ ವಿಕರ್ಸ್ ತೀರಿಕೊಂಡ. ಎಂಬತ್ತೆರಡು. ಅವನು ಕೆಳಗಿನ ಚಾಪೆಲ್, ಹೆಂಡತಿ ಹ್ಯಾನಾ ಮೇಲಿನದು. ಐವತ್ತೊಂದು ವರ್ಷ ಪ್ರತಿ ಭಾನುವಾರ ಸೇತುವೆಯವರೆಗೆ ಕೈ ಹಿಡಿದು ಬಂದು, ಅಲ್ಲಿ ಬೇರೆಯಾಗಿ, ಒಂದೂವರೆ ಗಂಟೆ ಬಿಟ್ಟು ಮತ್ತೆ ಅಲ್ಲೇ ಸೇರುತ್ತಿದ್ದರು.

ನೆಲ ಕಬ್ಬಿಣವಾಗಿದೆ. ಗುಂಡಿ ತೋಡಲು ಗಣಿಯ ಹುಡುಗರು ಹಾರೆ ಗುದ್ದಲಿ ಹಿಡಿದು ಹೋಗಿದ್ದಾರೆ. ಎರಡು ದಿನವಾದರೂ ಬೇಕಂತೆ.

ಫೆಬ್ರವರಿ 26. ಮಂಗಳವಾರ

ಟಾಮ್‌ನನ್ನು ಮಣ್ಣಿಗೆ ಕೊಟ್ಟು ಬಂದೆವು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಗುಂಡಿಯ ಒಂದು ಬದಿ ನಾವು, ಇನ್ನೊಂದು ಬದಿ ಮೇಲಿನವರು. ಪ್ರಾರ್ಥನೆ ಮುಗಿಯಿತು. ಟಾಮ್ ತನಗೆ ಬೇಕಾದ ಗೀತೆ ಬರೆದಿಟ್ಟಿದ್ದ. ಅದೇ ಗೀತೆ. ಮಿಸ್ಟರ್ ಪ್ಯೂ ಅದರ ನಂಬರು ಹೇಳಿದರು. ಮಾತು ಎರಡೂ ಕಡೆಯವರಿಗೆ ಒಂದೇ, ರಾಗ ಬೇರೆ. ಚಾಪೆಲಿನಲ್ಲಾದರೆ ಆರ್ಗನ್ ಇರುತ್ತದೆ, ಅದು ಹೋದಲ್ಲಿಗೆ ಎಲ್ಲರೂ ಹೋಗುತ್ತಾರೆ. ಹೊಲದ ನಡುವಿನ ಸ್ಮಶಾನದಲ್ಲಿ ಯಾವ ಆರ್ಗನ್. ಹೊರಗಿನಿಂದ ಬಂದ ಪ್ಯೂ ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು, ಒಬ್ಬರಿಗೂ ಹೊಳೆಯಲಿಲ್ಲ.

ನಾನು ಅಜ್ಜನ ರಾಗ ಎತ್ತಿದೆ. ಅದೇ ಕ್ಷಣ ಆ ಬದಿಯಿಂದ ಪುಸ್ತಕದ ರಾಗ.

ಒಂದೇ ಮಾತು, ಎರಡು ರಾಗ, ನಡುವೆ ಹೆಣ. ಯಾರೂ ಬಿಡಲಿಲ್ಲ. ಬಿಟ್ಟವರು ಸೋತರು ಎಂಬಂತೆ ನಾವು ಗಟ್ಟಿಯಾಗಿ ಹಾಡಿದೆವು, ಅವರು ಇನ್ನೂ ಗಟ್ಟಿಯಾಗಿ. ಹೊಲದಾಚೆ ಕುರಿಗಳು ತಲೆಯೆತ್ತಿ ನೋಡಿದವು. ಮೊದಲ ಚರಣ ಹೀಗೇ ಮುಗಿಯಿತು.

ಎರಡನೆಯ ಚರಣಕ್ಕೆ ಮುನ್ನ ರೇನ್ ಕೈ ಎತ್ತಿ ತನ್ನವರನ್ನು ನಿಲ್ಲಿಸಿದ. ನನ್ನತ್ತ ತಲೆಯಾಡಿಸಿದ. ನಾನು ಎತ್ತಿದೆ. ಆಗ ಅವರೂ ಸೇರಿಕೊಂಡರು. ಪುಸ್ತಕದ ರಾಗಕ್ಕಲ್ಲ. ಅಜ್ಜನ ರಾಗಕ್ಕೆ. ಮುದುಕರು, ಹೆಂಗಸರು, ಎಲ್ಲರೂ. ಎಲ್ಲರಿಗೂ ಗೊತ್ತಿತ್ತು.

ಮೊದಲ ಸಾಲು, ಎರಡನೆಯ ಸಾಲು, ಮೂರನೆಯ ಸಾಲಿನ ಕೊನೆ… ನಾವು ಹನ್ನೊಂದು ಜನ ನಿಂತೆವು. ಅವರು ನಲವತ್ತೂ ಜನ ಮೇಲೇರಿದರು. ಎನಿಡ್ ಏರುವ ಹಾಗೆಯೇ.

ಆಮೇಲೆ ಹ್ಯಾನಾಳ ಮನೆಯಲ್ಲಿ ಟೀ, ಹ್ಯಾಮ್. ಹ್ಯಾನಾ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. "ಟಾಮ್ ಇದ್ದಿದ್ರೆ ನಕ್ಕೂ ನಕ್ಕೂ ಸಾಯ್ತಿದ್ದ. ಐವತ್ತೊಂದು ವರ್ಷ ನಮ್ಮ ಅಡುಗೆಮನೇಲಿ ಇದೇ ಕತೆ ಕಣೆ ಡೋರ್ಕಸ್. ಅವನದೊಂದು ರಾಗ, ನನ್ನದೊಂದು. ಊಟ ಮಾತ್ರ ಒಂದೇ ತಟ್ಟೇಲಿ."

ನಾನು ನೇರ ರೇನ್ ಹತ್ತಿರ ಹೋದೆ. "ಯಾರು ಕೊಟ್ರು ನಿಂಗೆ ಅದನ್ನ?"

"ನಮ್ಮಜ್ಜ. ನಿಮ್ಮಜ್ಜನ ಜೊತೆ ಒಂದೇ ಪಾಳೀಲಿ ಇದ್ದ. ಕತ್ತಲೇಲಿ ಇಬ್ರೂ ಹಾಡ್ಕೊಂಡು ಕೆಲಸ ಮಾಡೋರಂತೆ. ನಮ್ಮ ಮನೆಗಳಲ್ಲಿ ಎಲ್ಲರೂ ಹಾಡ್ತೀವಿ. ಚಾಪೆಲಲ್ಲಿ ಹಾಡೋದಿಲ್ಲ, ಅದು ನಿಮ್ಮದು ಅಂತ."

"ತಪ್ಪು ಕಲಿಸಿದಾನೆ. ಮೂರನೇ ಸಾಲಲ್ಲಿ ಏರೋದಿಲ್ಲ."

"ಇರಬಹುದು. ಕಿವೀಲಿ ಕಲ್ತಿದ್ದು."

"ಪುಸ್ತಕ ತಂದು ತೋರಿಸ್ತೀನಿ."

ಕಪ್ಪು ಕೆಳಗಿಟ್ಟ. "ಮೂವತ್ತೊಂದು ವರ್ಷದಿಂದ ಕಾಯ್ತಾ ಇದೀನಿ ಡೋರ್ಕಸ್."

ಫೆಬ್ರವರಿ 28. ಗುರುವಾರ

ಹತ್ತು ಗಂಟೆಗೆ ಒಬ್ಬಳೇ ಚಾಪೆಲಿಗೆ ಹೋದೆ. ಗೋಡೆಯ ಬದಿ ಹಿಡಿದು ಒಳಗಿನ ಕೋಣೆ ಸೇರಿದೆ. ಬೆಂಚುಗಳ ಮೇಲೆ ಹಿಮ, ಅದರಲ್ಲಿ ಯಾವುದೋ ಹಕ್ಕಿಯ ಹೆಜ್ಜೆ. ಐದನೆಯ ಬೆಂಚು ನಡು ಮುರಿದುಕೊಂಡು ಬಿದ್ದಿದೆ.

ಪೆಟ್ಟಿಗೆ ತೆರೆದೆ. ಮೇಣಬಟ್ಟೆಯಲ್ಲಿ ಸುತ್ತಿದ ಪುಸ್ತಕ. ಕಿಟಕಿಯ ಬಳಿ ತಂದು ಬಿಚ್ಚಿದೆ. ಸ್ವರಗಳನ್ನು ಅಕ್ಷರಗಳಲ್ಲಿ ಬರೆಯುವ ಸೋಲ್-ಫಾ ಪದ್ಧತಿ, ಶಾಲೆಗೆ ಹೋದವರಿಗೆಲ್ಲ ಬರುತ್ತದೆ. ಅಜ್ಜನ ಅಕ್ಷರ ಗುದ್ದಲಿಯಲ್ಲಿ ಕೊರೆದ ಹಾಗೆ.

ಮೂರನೆಯ ಸಾಲು. ಕೊನೆಯ ಸ್ವರ.

ಏರಿದೆ.

ಪಕ್ಕದಲ್ಲಿ ಅವನದೇ ಕೈಯಲ್ಲಿ, ಸಣ್ಣದಾಗಿ — ಇಲ್ಲಿ ಹಿಂಜರಿಯಬಾರದು.

ಮೂರು ಸಲ ಓದಿದೆ. ಕನ್ನಡಕ ಒರೆಸಿ ಮತ್ತೊಂದು ಸಲ.

ಆಮೇಲೆ ನೆನಪಾಯಿತು. ಅಜ್ಜ ಹೋದ ಮೇಲೆ ರಾಗ ಎತ್ತುತ್ತಿದ್ದವಳು ಅಮ್ಮ. ನನಗೆ ಆಗ ಏಳು. ಅಮ್ಮನಿಗೆ ಎದೆಯ ಬೇನೆ. ಮೂರನೆಯ ಸಾಲಿಗೆ ಬರುವಾಗ ಉಸಿರು ಮುಗಿಯುತ್ತಿತ್ತು. ಅವಳು ಏರದೆ ನಿಲ್ಲುತ್ತಿದ್ದಳು. ಅವಳು ನಿಂತಳೆಂದು, ಅವಳಿಗೆ ನೋವಾಗಬಾರದೆಂದು, ಎಲ್ಲರೂ ನಿಲ್ಲುತ್ತಿದ್ದರು. ನಾನು ಅವಳ ಲಂಗ ಹಿಡಿದು ನಿಂತು ಕಲಿತೆ. ಅದೇ ಸರಿಯೆಂದು ಕಲಿತೆ. ಅರವತ್ತು ವರ್ಷ ನಾವು ಹಾಡಿದ್ದು ಅಜ್ಜನ ರಾಗವನ್ನಲ್ಲ, ಅಮ್ಮನ ಆಯಾಸವನ್ನು.

ಪುಸ್ತಕ ಕೈಯಲ್ಲೇ ಇತ್ತು. ಓದಲೂ ಬರುತ್ತಿತ್ತು, ಪೇಟೆಯ ಹೈಸ್ಕೂಲಿನಲ್ಲಿ ಹದಿನಾರರವರೆಗೆ ಓದಿದವಳು. ಗೊತ್ತಿದೆ ಎಂದುಕೊಂಡದ್ದನ್ನು ಯಾರು ತೆರೆದು ನೋಡುತ್ತಾರೆ.

ಮತ್ತೆ ಸುತ್ತಿದೆ. ಒಳಗಿಟ್ಟೆ. ಬೀಗ ಹಾಕಿದೆ. ಬೀಗದ ಕೈ ನನ್ನ ಹತ್ತಿರವೇ ಇದೆ. ಇನ್ನೊಂದು ಇಲ್ಲ. ನಾನು ಹೇಳದಿದ್ದರೆ ಯಾರಿಗೂ…

ಮಾರ್ಚ್ 3. ಭಾನುವಾರ

ನೆಗಡಿ ಎಂದು ಹೇಳಿ ಮಲಗಿದೆ. ನೆಗಡಿಯಿಲ್ಲ.

ಮಾರ್ಚ್ 6. ಬುಧವಾರ

ಹಿಮ ಕರಗುತ್ತಿದೆ. ಬೆಳಿಗ್ಗೆ ಎದ್ದರೆ ಎಲ್ಲೆಲ್ಲೂ ನೀರಿನ ಸದ್ದು. ಚರಂಡಿ, ಸೂರು, ಹೊಳೆ. ಮೊದಲು ಸಂತೋಷ. ಎರಡನೆಯ ಕಪ್ಪು ಟೀಗೆ ಹೊಳೆಯಿತು… ಪೆಟ್ಟಿಗೆ. ಒಳಗಿನ ಕೋಣೆಗೂ ಚಾವಣಿ ಅರ್ಧವೇ ಇದೆ.

ವಿಲ್ಫ್ ಗಣಿಗೆ ಹೋಗಿದ್ದ. ಎನಿಡ್ ಏಪ್ರನ್ನಿನಲ್ಲೇ ನನ್ನ ಹಿಂದೆ ಓಡಿಬಂದಳು. ಬಾಗಿಲಲ್ಲಿ ತೋಳು ಹಿಡಿದು ನಿಲ್ಲಿಸಿದಳು. "ನೀವು ಬೇಡ ಅತ್ತೆ. ಹಲಗೆ ನೆಂದಿದೆ. ಬೀಗದ ಕೈ ಕೊಡಿ."

ಆ ಕೈಯನ್ನು ಇದುವರೆಗೆ ಯಾರಿಗೂ ಕೊಟ್ಟವಳಲ್ಲ. ಕೊಟ್ಟೆ.

ನೀರು ಧಾರೆಯಾಗಿ ಸುರಿಯುತ್ತಿತ್ತು. ಅದರ ನಡುವೆ ಹೋದಳು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ, ನೂರ ನಲವತ್ತರವರೆಗೆ. ಪುಸ್ತಕವನ್ನು ಏಪ್ರನ್ನಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಬಂದಳು. ಕೂದಲಿನಿಂದ ನೀರಿಳಿಯುತ್ತಿತ್ತು. ಬಿಚ್ಚಿ ನೋಡದೆ ನನ್ನ ಕೈಗೆ ಇಟ್ಟಳು.

ಹಾಗೇ ಮನೆಗೆ ಬರಬಹುದಿತ್ತು.

"ತೆಗೆದು ನೋಡು" ಅಂದೆ. "ಮೂರನೇ ಸಾಲು."

ಕೈ ಒರೆಸಿಕೊಂಡು ತೆಗೆದಳು. ಓದಿದಳು. ಮುಚ್ಚಿದಳು. ಮತ್ತೆ ಮೇಣಬಟ್ಟೆ ಸುತ್ತಿದಳು.

"ನಿಂಗೆ ಗೊತ್ತಿತ್ತು."

"ಹೂಂ."

"ಒಂದು ಸಲನಾದ್ರೂ ಹೇಳಬಹುದಿತ್ತಲ್ಲ."

"ಹೇಳ್ತಾನೇ ಇದ್ದೆನಲ್ಲ ಅತ್ತೆ. ದಿನಾ. ಸಿಂಕಿನ ಹತ್ತಿರ."

ಮನೆಯ ದಾರಿ ಹಿಡಿದೆವು. ಸೇತುವೆಯ ಮೇಲೆ ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅತ್ತೆಗೊಂದು ಕಾಲ ಎನ್ನುವುದು ಇದಕ್ಕೇ ಇರಬೇಕು. ನನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದೆ. ನಗಲಿಲ್ಲ ನಾನು. ಬಹಳ ಹೊತ್ತು ನಗಲಿಲ್ಲ.

ಮಾರ್ಚ್ 9. ಶನಿವಾರ

ಟ್ರಸ್ಟಿಗಳ ಸಭೆ. ಮೇಲಿನ ಚಾಪೆಲಿನ ಕೋಣೆಯಲ್ಲಿ, ಬೇರೆ ಜಾಗವಿಲ್ಲವಲ್ಲ. ಇಬ್ಬರು ಹೀಗೆ, ಇಬ್ಬರು ಹಾಗೆ. ಎಲ್ಲರೂ ನನ್ನತ್ತ ತಿರುಗಿದರು. ವಿಲ್ಫ್ ಬೂಟು ನೋಡಿಕೊಂಡಿದ್ದ.

ಎದ್ದುನಿಂತೆ. ಪುಸ್ತಕ ಮೇಜಿನ ಮೇಲಿಟ್ಟೆ.

"ನಾವು ಅರವತ್ತು ವರ್ಷ ತಪ್ಪು ಹಾಡಿದೀವಿ" ಅಂದೆ. "ತಪ್ಪು ನಮ್ಮಮ್ಮಂದಲ್ಲ. ಅವಳಿಗೆ ಉಸಿರಿರ್ಲಿಲ್ಲ. ನಂಗೆ ಉಸಿರಿತ್ತು. ಪುಸ್ತಕಾನೂ ಇತ್ತು, ಬೀಗದ ಕೈಯೂ ಇತ್ತು. ಈ ರಾಗ ಉಳೀಲಿ ಅಂತ ಆ ಗೋಡೆ ಉಳಿಸ್ಕೊಳ್ಳೋಣ ಅಂತಿದ್ದೆ. ಅದು ಆಗ್ಲೇ ಗುಡ್ಡ ಹತ್ತಿದೆ. ನಮಗಿಂತ ಮುಂಚೆ ಹತ್ತಿ, ನಮಗಿಂತ ಚೆನ್ನಾಗಿದೆ. ಮುಚ್ಚೋಕೆ ನನ್ನ ಒಪ್ಪಿಗೆ."

ವಿಲ್ಫ್ ತಲೆಯೆತ್ತಿ ನೋಡಿದ.

"ಎರಡು ಷರತ್ತು. ಈಸ್ಟರ್ ದಿನ ಎರಡೂ ಸಭೆ ಸೇರಿ ಈ ರಾಗ ಹಾಡ್ಬೇಕು, ಬರೆದ ಹಾಗೇ. ಇನ್ನೊಂದು, ಕರ್ತನ ಭೋಜನಕ್ಕೆ ಮಂಡಿಯೂರೋರು ಮಂಡಿಯೂರಲಿ, ಕೂರೋರು ಕೂರಲಿ."

ಮಿಸ್ಟರ್ ಪ್ಯೂ ಕೆಮ್ಮಿದರು. "ಎರಡನೇದು ಈಗಾಗ್ಲೇ ನಡೀತಾ ಇದೆ, ಮಿಸೆಸ್ ನ್ಯಾಟ್ರಸ್. ತಟ್ಟೆ ಹಿಡ್ಕೊಂಡು ನಡೆದಿದ್ದು ನಾನೇ."

"ಅದನ್ನ ಬರೆದಿಡಿ ಅಂದೆ."

ಬರೆದುಕೊಂಡರು.

ಅಲ್ಲಿಂದ ನೇರ ರೇನ್ ಮನೆಗೆ. ಆರ್ಗನ್ನಿಗೆ ಎಣ್ಣೆ ಬಿಟ್ಟು ಬಂದಿದ್ದನಂತೆ, ಕೈ ಕಪ್ಪಗಿತ್ತು. ಪುಸ್ತಕ ಚಾಚಿದೆ. ತಗೊಳ್ಳಲಿಲ್ಲ. ಒಳಗೆ ಹೋಗಿ ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು ಬಂದು ತಗೊಂಡ. ಮೂರನೆಯ ಸಾಲು ನೋಡಲೇ ಇಲ್ಲ. ರಾಗದ ಜೊತೆಜೊತೆಗೇ ಹಾಡುವ ಕೆಳದನಿಗಳ ಸಾಲುಗಳ ಮೇಲೆ ಬೆರಳಾಡಿಸಿದ. ಅವನಜ್ಜ ಕಲಿಸಿದ್ದು ಮುಖ್ಯ ರಾಗ ಮಾತ್ರ. ಇದಕ್ಕಾಗಿಯೇ 1932ರಲ್ಲಿ ಕೇಳಿದ್ದಂತೆ.

"ಆಗ್ಲೇ ಹೇಳಬಹುದಿತ್ತಲ್ಲ, ಇದಕ್ಕೇ ಅಂತ."

"ಹೇಳೋ ಅಷ್ಟರಲ್ಲಿ ಬಾಗಿಲು ಹಾಕಿದ್ದೆ ನೀನು."

ಹೌದು. ಹಾಕಿದ್ದೆ.

ಏಪ್ರಿಲ್ 7. ಭಾನುವಾರ

ಒಂದು ತಿಂಗಳು ಬರೆದಿಲ್ಲ. ಕೈಗೆ ಬಿಡುವಿರಲಿಲ್ಲ. ಬೆಂಚು, ದೀಪದ ಕಂಬ, ಬೈಬಲ್ ಎಲ್ಲ ಗುಡ್ಡದ ಮೇಲೆ ಹೋದವು. ಹಿತ್ತಾಳೆ ಕಂಬ ಅವರ ಕಂಬಗಳ ಪಕ್ಕ ಇಟ್ಟರೆ ಅವು ಮಂಕು. ಬಾಯಿಬಿಟ್ಟು ಹೇಳಲಿಲ್ಲ. ಮರುವಾರ ನೋಡಿದರೆ ಅವೂ ಹೊಳೆಯುತ್ತಿದ್ದವು. ಸಂಡೇ ಸ್ಕೂಲಿನ ಮಕ್ಕಳಿಗೆ ಸೋಲ್-ಫಾ ಹೇಳಿಕೊಡುತ್ತಿದ್ದೇನೆ, ಗುರುವಾರ ನಾಲ್ಕಕ್ಕೆ. ಇಪ್ಪತ್ತೈದು ಜನ. ಗದ್ದಲವಿಲ್ಲ ಈಗ.

ಕೋಟು ಬಿಚ್ಚಿ ಕೂರುತ್ತೇನೆ. ಸೆಖೆ. ಎನಿಡ್ ತಾಯಿಯ ಬೆಂಚಿನಲ್ಲಿ ಕೂರುತ್ತಾಳೆ. ಅವಳ ಪಕ್ಕ ನಾನು.

ಇಂದು ರೇನ್ ಹೇಳಿದ, ಈಸ್ಟರ್‌ಗೆ ಮೊದಲ ಚರಣಕ್ಕೆ ಆರ್ಗನ್ ಬೇಡ, ರಾಗ ನೀನೇ ಎತ್ತಬೇಕು ಎಂದು. ಬರೆದ ಹಾಗೇ.

ಮನೆಗೆ ಬಂದು ಸಿಂಕಿನ ಮುಂದೆ ನಿಂತು ಹಾಡಿ ನೋಡಿದೆ. ಆರು ಸಲ. ಮೂರನೆಯ ಸಾಲಿನಲ್ಲಿ ಎರಡು ಸಲ ಹತ್ತಿತು. ನಾಲ್ಕು ಸಲ ದನಿ ಒಡೆಯಿತು. ಎಪ್ಪತ್ತೊಂದು ತುಂಬುತ್ತ ಬಂತು. ಅಮ್ಮನಿಗೆ ಆಗ ಮೂವತ್ತೆರಡು.

ನೀನು ಎತ್ತು ಎಂದು ಎನಿಡ್‌ಗೆ ಹೇಳಿದೆ. "ಉಹೂಂ. ನೀವೇ" ಅಂದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಇಲ್ಲ ಅಂದದ್ದು. ಬೈಯಲಿಲ್ಲ.

ಏಪ್ರಿಲ್ 14. ಈಸ್ಟರ್. ಸಂಜೆ

ಚಾಪೆಲಿನ ತುಂಬ ಜನ. ಪಕ್ಕದ ಕಣಿವೆಯವರೂ ಬಂದಿದ್ದರು. ಕಿಟಕಿಗಳಲ್ಲಿ ಹಳದಿ ಹೂ. ಹ್ಯಾನಾ ಟಾಮ್‌ನ ಟೋಪಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದಳು. ಕೊನೆಗೂ ಒಂದೇ ಬೆಂಚು ಅಂದಳು.

ಎದ್ದುನಿಂತೆ. ಎತ್ತಿದೆ. ಮೊದಲ ಸಾಲು ನೆಟ್ಟಗೆ. ಎರಡನೆಯದೂ. ಮೂರನೆಯದರ ನಡುವಿನಲ್ಲೇ ತಿಳಿಯಿತು, ಇದು ನನ್ನಿಂದಾಗುವುದಿಲ್ಲ. ಉಸಿರು ಅಮ್ಮನಿಗೆ ನಿಲ್ಲುತ್ತಿದ್ದಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ.

ಅಮ್ಮ ನಿಂತಾಗ ಎಲ್ಲರೂ ನಿಂತಿದ್ದರು, ಪ್ರೀತಿಗೆ.

ಇವತ್ತು ಯಾರೂ ನಿಲ್ಲಲಿಲ್ಲ. ಕೆಳಗಿನ ಉಳಿದ ಹತ್ತೂ ಜನ ಏರಿದರು. ವಿಲ್ಫ್, ಹುಟ್ಟಿದಾಗಿನಿಂದ ತಪ್ಪು ಹಾಡಿದವನು, ಏರಿದ. ಗುರುವಾರದ ಮಕ್ಕಳು ಏರಿದರು. ಪಕ್ಕದಲ್ಲಿ ಎನಿಡ್, ಕಣ್ಣು ಮುಚ್ಚಿಕೊಂಡು. ಅಜ್ಜನ ಕೆಳದನಿಗಳು ಮೊದಲ ಸಲ ಕಿವಿಗೆ ಬಿದ್ದವು, ಕಾಲ ಕೆಳಗೆ ಗಣಿ ಗುನುಗಿದ ಹಾಗೆ. ನಾನು ಸುಮ್ಮನೆ ನಿಂತು ಕೇಳಿದೆ. ಬದಿಗಿರಿಸುವುದೆಂದರೆ ಇದೇ ಇರಬೇಕು. ಇಷ್ಟು ಚೆನ್ನಾಗಿರುತ್ತದೆಂದು ಯಾರೂ ಹೇಳಿರಲಿಲ್ಲ.

ನಾಲ್ಕನೆಯ ಸಾಲಿಗೆ ಸೇರಿಕೊಂಡೆ.

ಈಗ ಆರು ಗಂಟೆ. ಇನ್ನೂ ಬೆಳಕಿದೆ. ಎನಿಡ್ ಸಿಂಕಿನ ಮುಂದೆ, ಪಾತ್ರೆಯ ಸದ್ದು. ಗುನುಗಲು ಶುರು ಮಾಡಿದಳು. ನಾನಿಲ್ಲಿ ಬರೆಯುತ್ತ ಕೂತಿರುವುದು ಅವಳಿಗೆ ಗೊತ್ತು. ಮೊದಲ ಸಾಲು ಆಯಿತು. ಎರಡನೆಯದೂ ಆಯಿತು. ಈಗ ಮೂರನೆ—